ಹೇಳಿಕೊಟ್ಟ ಮಾತು

“ಗೋಡೆಗೆ ಒರಗಬೇಡ ಕಣೇ! ನಿನ್ನ ಮೈಕೊಳೆ ಒರೆಸೋಕಲ್ಲ ಬಣ್ಣ ಹೊಡೆಸಿರೋದು!”

ಕೋರ್ಟಿನ ಜವಾನ ಗದರಿದ್ದಕ್ಕೆ ಲಾಂಡ್ರಿಯ ಹೆಂಗಸು ಬೆಚ್ಚಿ ನೆಟ್ಟಗಾದಳು. ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುವ ಕೆಲಸ ಅವಳದು. ಕುದಿನೀರು ಚೆಲ್ಲಿ ಬೆಂದ ಬಲಗೈಗೆ ಹರಕು ಬಟ್ಟೆ ಸುತ್ತಿತ್ತು. ಎದುರು ಬೆಂಚಿನಲ್ಲಿ ಇಬ್ಬರು ಪೊಲೀಸರ ನಡುವೆ ಮಗಳು ಚೂಟಿ. ಹದಿನೈದು ತುಂಬಿದ್ದರೂ ನೋಡುವುದಕ್ಕೆ ಹಿಡಿಯಷ್ಟು.

ಅಮ್ಮನ ಕೆನ್ನೆಗೆ ಬಾರಿಸಿದ ಲಾಂಡ್ರಿ ಮೇಸ್ತ್ರಿಯ ಕಾರಿನ ಗಾಜಿಗೆ ಇಟ್ಟಿಗೆ ಬೀಸಿದವಳು ಈ ಚೂಟಿ. ಚಿಕ್ಕ ಹುಡುಗಿ ಎಂದು ಕೋರ್ಟು ಪ್ರೊಬೇಷನ್ ಮೇಲೆ ಮನೆಗೆ ಕಳಿಸಿತ್ತು. ಕತ್ತಲಾಗುವುದರೊಳಗೆ ಮನೆ ಸೇರಬೇಕು, ತಪ್ಪಿದರೆ ಒಳಗೆ. ಅಮ್ಮನ ಕೈ ಬೆಂದಾಗ ಮೇಸ್ತ್ರಿ, “ನಿನ್ನ ಕೈಲಾಗ್ದಿದ್ರೆ ನಿನ್ನ ಮಗಳನ್ನ ಕಳ್ಸು, ಇಲ್ಲಾಂದ್ರೆ ಕೆಲ್ಸ ಬಿಡು” ಅಂದ. ಚೂಟಿ ಹೋದಳು. ಕೆಲಸ ಮುಗಿಸಿ ಲಾಂಡ್ರಿಯ ಗೇಟು ದಾಟುವಾಗ ಬೀದಿದೀಪ ಹತ್ತಿಬಿಟ್ಟಿದ್ದವು. ದುಡಿಸಿಕೊಂಡವನೇ, ಚೂಟಿಯ ಮೇಲೆ ಕಣ್ಣಿಡುವ ಪ್ರೊಬೇಷನ್ ಮೇಡಂಗೆ ಫೋನೂ ಮಾಡಿದ್ದ.

ಈಗ ಆ ಮೇಡಂ ಬಂದು ಹೆಂಗಸಿನ ಪಕ್ಕದಲ್ಲಿ ನಿಂತರು.

“ಪ್ರೊಬೇಷನ್ ಮುರಿದಿದ್ದಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಒಳಗಿಡೋ ಹಾಗಿಲ್ಲ, ಕಾನೂನು ಹಾಗಿದೆ. ಅಷ್ಟರಲ್ಲಿ ಈ ಪಿಶಾಚಿ ಬುದ್ಧಿ ಕಲಿಯುತ್ತಾ? ‘ಮಗಳು ನನ್ನ ಕೈ ಮೀರಿದಾಳೆ, ನನಗೆ ಬೇಡ’ ಅಂತ ಹೇಳ್ಬಿಡು. ಆಗ ಹದಿನೆಂಟು ತುಂಬೋವರೆಗೂ ನಾವೇ ಇಟ್ಕೋತೀವಿ.”

“ಅಂದ್ರೆ ಇನ್ನೂ ಮೂರು ವರ್ಷ ಒಳಗೇ ಇರಬೇಕಲ್ಲ ಮೇಡಂ...”

“ಮನೇಲಿಟ್ಕೊಂಡು ನೀನೇನು ಕಿಸಿದಿದೀಯ? ಹೇಳಲಿಲ್ಲ ಅಂದ್ರೆ, ಮಗಳನ್ನ ದುಡಿಯೋಕೆ ಅಟ್ಟಿದಾಳೆ ಅಂತ ನಿನ್ನ ಮೇಲೇ ಕೇಸು ಜಡೀತೀನಿ.”

ಹೆಂಗಸು ಬೆಂದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಲಾಕಪ್ಪಿಗೆ ಹೋದ ಹೆಂಗಸರ ಕಥೆ ಅವಳ ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ?

ಒಳಗೆ ಕರೆದರು. ನ್ಯಾಯಾಧೀಶರು ತಲೆ ಎತ್ತಲಿಲ್ಲ. “ತಾಯಿ ಏನು ಹೇಳ್ತಾಳೆ?”

“ಮಗಳು... ನನ್ನ ಕೈ...”

ಮುಂದೆ ಹೇಳು ಎನ್ನುವಂತೆ ಮೇಡಂ ತಲೆಯಾಡಿಸಿದರು. ಚೂಟಿ ಅಮ್ಮನನ್ನೇ ನೋಡುತ್ತಿದ್ದಳು. ಇಟ್ಟಿಗೆ ಎತ್ತುವಾಗ ಹೆದರದ ಹುಡುಗಿಯ ತುಟಿ ಅದುರುತ್ತಿತ್ತು.

“ನನ್ನ ಕೈ ಬೆಂದಿತ್ತು ಸ್ವಾಮಿ,” ಎಂದಳು ಹೆಂಗಸು. “ನಾನೇ ಕಳ್ಸಿದ್ದು. ಕಳ್ಸು ಅಂದ ಸೂಳೆಮಗ ಮೇಸ್ತ್ರಿ. ನನ್ನ ಮಗಳು ನನಗೆ ಬೇಕು.”

“ಕೋರ್ಟಲ್ಲಿ ನಾಲಿಗೆ ಬಿಗಿಹಿಡಿ!” ಜವಾನ ಹೌಹಾರಿದ.

“ಹುಡುಗಿಗೆ ಒಂದು ತಿಂಗಳು,” ಎಂದರು ನ್ಯಾಯಾಧೀಶರು. “ಅದಕ್ಕಿಂತ ಹೆಚ್ಚು ನಾನು ಕೊಡೋ ಹಾಗಿಲ್ಲ. ಮುಂದಿನ ಕೇಸು.” ಮೇಸ್ತ್ರಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹೊರಗೆ ಮೇಡಂ ಹಲ್ಲು ಕಚ್ಚಿದರು. “ಒಂದೇ ತಿಂಗಳು ಅಂತ ಹಿಗ್ಗಬೇಡ. ಹೊರಗೆ ಬಂದ ಮೇಲೆ ಒಂದು ಸಂಜೆ ತಡವಾದ್ರೂ ಇನ್ನೊಂದು ತಿಂಗಳು. ಆಮೇಲೆ ಮತ್ತೊಂದು. ಅದಕ್ಕೆ ಮಿತಿ ಯಾರೂ ಹಾಕಿಲ್ಲ. ಈಗ ನೀನೂ ಸ್ಟೇಷನ್ನಿಗೆ ನಡಿ.”

ಚೂಟಿಯನ್ನು ವ್ಯಾನಿಗೆ ಹತ್ತಿಸಿದ್ದರು. ಹೆಂಗಸು ಸ್ಟೇಷನ್ನಿನ ಕಡೆ ತಿರುಗಲಿಲ್ಲ. ವ್ಯಾನಿನ ಮುಂದೆ ಹೋಗಿ, ಚಕ್ರಕ್ಕೆ ಬೆನ್ನು ಕೊಟ್ಟು, ನೆಲದ ಮೇಲೆ ಕುಕ್ಕರಿಸಿದಳು.

“ಏಳೇ ಬೋಸುಡಿ!” ಡ್ರೈವರು ಹಾರನ್ ಒತ್ತಿದ.

“ಅಮ್ಮಾ, ಏಳಮ್ಮಾ! ಮೈಮೇಲೇ ಹತ್ತಿಸಿಬಿಡ್ತಾರೆ ಕಣಮ್ಮಾ!” ಜಾಲರಿಯ ಹಿಂದಿನಿಂದ ಚೂಟಿ ಕಿರುಚಿದಳು.

ಎಂಜಿನ್ನು ಗುಡುಗಿತು. ಆ ನಡುಕ ಬೆನ್ನಿಗಿಳಿಯಿತು. ನಡುಗುತ್ತಿರುವುದು ವ್ಯಾನೋ ತಾನೋ ಅವಳಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡಳು. ಏಳಲಿಲ್ಲ.