ಒಣಗುವ ಮೊದಲೇ ಬಳಿದ ಗೋಡೆ

ಕೆಂಪೇ ಇರಬೇಕು, ಅಥವಾ ದೀಪದ ಮೋಸ, ದೀಪವನ್ನು ಇನ್ನೂ ಸ್ವಲ್ಪ ಓರೆಯಾಗಿ ಬಗ್ಗಿಸಿದರೆ ಬಿರುಕಿನ ಎರಡೂ ದಡ ಎದ್ದು ನಿಲ್ಲುತ್ತವೆ, ನಡುವೆ ತಳದಲ್ಲಿ ಕೂದಲೆಳೆಯಷ್ಟು ಕೆಂಪು, ಕಣ್ಣು ಮಿಟುಕಿಸಿದರೆ ಹೋಯಿತು, ಮತ್ತೆ ಬಂತು — ಅವಳು ಮೈಕ್ರೋಸ್ಕೋಪಿನಿಂದ ಮುಖ ಎತ್ತಿ ಕಣ್ಣುಜ್ಜಿಕೊಂಡಳು, ಗಡಿಯಾರ ಎರಡೂವರೆ ಅನ್ನುತ್ತಿದೆ, ಅಕ್ಕ ನಾಲ್ಕಕ್ಕೆ ಬರುತ್ತಾಳೆ, ಬಂದರೆ. ಹಸಿರು ಇರಬೇಕಾದ ಜಾಗ ಇದು, ಮೂವತ್ತೊಂದು ವರ್ಷದಿಂದ ಮನೆಯವರೆಲ್ಲ ಹಸಿರೆಂದೇ ನಂಬಿದ ಜಾಗ. ಅಪ್ಪ ತನ್ನ ಕೈಯಾರೆ ಹಲಗೆಯ ಮೇಲೆ ಬರೆದ ಒಂದೇ ಒಂದು ಮನೆಯ ಚಿತ್ರ, ಅಪ್ಪ ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ, ಅಮ್ಮನ ಮಡಿಲಲ್ಲಿ ಎರಡು ವರ್ಷದ ತಾನು, ಕುರ್ಚಿಯ ಹಿಂದೆ ಅಕ್ಕ ಇದ್ದಳು, ಹನ್ನೊಂದು ವರ್ಷದವಳು, ಹಸಿರು ಫ್ರಾಕು, ಕುರ್ಚಿಯ ಬೆನ್ನಿಗೆ ಗಲ್ಲ ಊರಿ; ಈಗ ಅಲ್ಲಿ ಕಂದು ಗೋಡೆ. ಅಕ್ಕ ಮನೆ ಬಿಟ್ಟು ಹೋದ ದಿನವೇ ಅಪ್ಪ ಅವಳ ಮೇಲೆ ಗೋಡೆ ಬಳಿದ, ಅಂತ ಅಮ್ಮ ಹೇಳುತ್ತಿದ್ದಳು, ಆ ಮಾತು ಅಕ್ಕನವರೆಗೂ ಹೋಯಿತು, ಯಾರು ಮುಟ್ಟಿಸಿದರು ಎಂಬುದರ ಕಡೆಗೆ ಸದ್ಯ ಮನಸ್ಸು ಹೋಗದಿರಲಿ, ಬಿರುಕು ನೋಡು, ಬಿರುಕು. ಮೊನ್ನೆ ಫೋನಿನಲ್ಲಿ ಅಕ್ಕ, ಅಮ್ಮನ ಹೊಲಿಗೆ ಮಷಿನ್ ತಗೊಂಡು ಹೋಗ್ತೀನಿ ಕಣೇ ಇರುವೆ, ಅಷ್ಟೇ, ಆ ಹಲಗೆ ಒಲೆಗೆ ಹಾಕು, ನನ್ನ ಮೇಲೆ ಬಳಿದ ಗೋಡೆ ನೋಡೋಕೆ ನಾನ್ಯಾಕೆ ಅಷ್ಟು ದೂರ ಬರ್ಲಿ. ಇರುವೆ. ಆ ಹೆಸರು ಹಿಡಿದು ಕರೆಯುವವರು ಈಗ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಾಳೆ, ಫೋನು ಇಟ್ಟ ಮೇಲೂ ಅವಳು ಆ ಹೆಸರನ್ನು ಸಕ್ಕರೆ ಹರಳಿನಂತೆ ನಾಲಿಗೆಯಡಿ ಇಟ್ಟುಕೊಂಡೇ ಬಸ್ಸು ಹತ್ತಿದ್ದಳು. ಅಮ್ಮ ಹೋಗಿ ಎರಡು ತಿಂಗಳು, ಬಾಡಿಗೆ ಮನೆಯ ಬೀಗದ ಕೈ ಮಾಲೀಕರಿಗೆ ಕೊಟ್ಟಾಯಿತು, ಮಷಿನ್ನು ಇಲ್ಲಿಯೇ, ಮ್ಯೂಸಿಯಮ್ಮಿನ ರಿಪೇರಿ ಕೋಣೆಯ ಬಾಗಿಲ ಪಕ್ಕ, ಹಳೇ ಬೆಡ್‌ಶೀಟು ಹೊದ್ದು ಕೂತಿದೆ, ಯಾರಿಗೋ ಕಾಯುವ ಮುದುಕಿಯ ಹಾಗೆ.

ಬಿರುಕಿನಲ್ಲಿ ಎರಡು ಬಗೆ, ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟದ್ದು, ವಯಸ್ಸಿನದು ಒಂದು, ಆತುರದ್ದು ಒಂದು. ವಯಸ್ಸಿನದು ಮುದುಕರ ಕೈಚರ್ಮದ ಹಾಗೆ, ಸಣ್ಣ, ಚೂಪು, ತಳದವರೆಗೂ ಇಳಿದಿರುತ್ತದೆ. ಆತುರದ್ದು ಬತ್ತಿದ ಕೆರೆಯ ಕೆಸರಿನ ಹಾಗೆ, ಅಗಲ, ಅಂಚು ದುಂಡಗೆ, ಕೆಳಗಿನ ಬಣ್ಣ ಹಸಿ ಇರುವಾಗಲೇ ಮೇಲೆ ಬಳಿದರೆ ಮೇಲಿನದು ಒಣಗಿ ಕುಗ್ಗುತ್ತದೆ, ಕೆಳಗಿನದಕ್ಕೆ ಹಿಡಿದುಕೊಳ್ಳುವ ಶಕ್ತಿಯಿಲ್ಲ, ಜಾರಿ ಬಾಯಿ ಬಿಡುತ್ತದೆ. ಬಿರುಕು ಸುಳ್ಳು ಹೇಳಲ್ಲ, ಓದೋರು ಹೇಳ್ತಾರೆ, ಅನ್ನುತ್ತಿದ್ದರು ಮೇಷ್ಟ್ರು, ತನ್ನ ಕಡೆ ನೋಡಿಯೇ ಅಂದರೆಂದು ಅವಳಿಗೆ ಆಗಲೂ ಅನ್ನಿಸಿತ್ತು, ಹಗಲೆಲ್ಲ ಇದೇ ಕಟ್ಟಡದ ಚೌಕಟ್ಟುಗಳ ಧೂಳು ಹೊಡೆದು ಸಂಜೆ ಕ್ಲಾಸಿಗೆ ಓಡುತ್ತಿದ್ದವಳು, ಈ ಮೇಜಿಗೆ ಬಂದು ಹದಿನೆಂಟು ವರ್ಷವಾದರೂ ರಿಪೋರ್ಟಿಗೆ ಸಹಿ ಹಾಕುವ ಮುಂಚೆ ಮೂರು ಸಲ ಓದುತ್ತಾಳೆ, ಹಾಕಿದ ಮೇಲೆ ಇನ್ನೊಂದು ಸಲ. ಗೋಡೆ ಬಿಟ್ಟಿರುವುದು ಆತುರದ ಬಿರುಕು, ಅದೇ ತಾಳೆಯಾಗುತ್ತಿಲ್ಲ. ಅಕ್ಕ ಹೋಗುವ ಹೊತ್ತಿಗೆ ಆ ಹಸಿರಿಗೆ ಹತ್ತು ವರ್ಷ, ಒಣಗಿ ಕಲ್ಲಾಗಿತ್ತು, ಕಲ್ಲಿನ ಮೇಲೆ ಒಂದು ಸಲ ಬಳಿದ ಕಂದು ತೆಪ್ಪಗೆ ಮಲಗಿರಬೇಕಿತ್ತು. ಮಲಗಿಲ್ಲ, ಕುರ್ಚಿಯ ಹಿಂದೆ, ಒಂದು ಹುಡುಗಿ ನಿಲ್ಲುವಷ್ಟು ಅಗಲಕ್ಕೆ ಮಾತ್ರ, ಬಾಯಿ ಬಾಯಿ ಬಿಟ್ಟಿದೆ. ಹಸಿಯ ಮೇಲೆ ಬಳಿದಿದ್ದಾನೆ. ಯಾವ ಹಸಿ? ಅದೂ ಯಾರು — ಅಪ್ಪ? ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಬರೆದವನು, ಬೆರಳ ಹಿಂಬದಿ ತಾಗಿಸಿ ನೋಡದೆ ಎರಡನೇ ಸಲ ಬಣ್ಣ ಮುಟ್ಟದವನು, ನಾಳೆ ಅಂಗಡಿ ತೆಗೀಬೇಕು ಅಂತ ಯಾರಾದರೂ ಕಾಲು ಹಿಡಿದರೂ, ಬಣ್ಣಕ್ಕೆ ನಿಮ್ಮ ಅರ್ಜೆಂಟು ಗೊತ್ತಿಲ್ಲ ಸ್ವಾಮಿ, ಅದು ಒಣಗಿದಾಗ ಒಣಗುತ್ತೆ ಅನ್ನುತ್ತಿದ್ದವನು, ಒದ್ದೆ ಬೋರ್ಡಿನ ಹತ್ತಿರ ಬೆರಳು ತಂದರೆ ಬ್ರಷ್ಷಿನ ಹಿಡಿಯಿಂದ ಗೆಣ್ಣಿಗೊಂದು ಬಿಡುತ್ತಿದ್ದವನು. ಅಕ್ಕನ ಮೇಲೆ ಮುನಿದದ್ದೂ ಒಣಗುವ ವಿಷಯಕ್ಕೇ ಅಲ್ಲವೇ, ಪ್ಲಾಸ್ಟಿಕ್ ಅಕ್ಷರ ಮಾರುವವನನ್ನು ಅಕ್ಕ ಮೆಚ್ಚಿದಳೆಂದು, ಅಂಟಿಸಿದರೆ ಮುಗೀತು, ಒಣಗೋದೇ ಬೇಡ, ಅದೂ ಒಂದು ಕಸುಬಾ ಅಂತ ಅಪ್ಪ, ನಿನ್ನ ಅಕ್ಷರ ಒಣಗೋದ್ರೊಳಗೆ ನಾನು ಮುದುಕಿ ಆಗ್ತೀನಪ್ಪ ಅಂತ ಅಕ್ಕ, ಅಮ್ಮ ಅಡುಗೆಮನೆಯಲ್ಲಿ ತಡೆಯಲಾರದೆ ನಕ್ಕುಬಿಟ್ಟಿದ್ದಳು, ಆ ಮನೆಯಲ್ಲಿ ಆಮೇಲೆ ಅಷ್ಟು ಚೆನ್ನಾಗಿ ಯಾರೂ ನಗಲಿಲ್ಲ.

ಏನು, ಬೆಳಗಿಂದ ಆ ಬಿರುಕಲ್ಲೇ ಬಿದ್ದಿದ್ದೀರಿ, ಹಗ್ಗ ಇಳಿಸ್ಲಾ? — ಪಕ್ಕದ ಮೇಜಿನ ಎಕ್ಸ್‌ರೇಯವರು, ಕೈಯಲ್ಲಿ ಚಹಾ, ಒಳ್ಳೆಯ ಮನುಷ್ಯ, ದೊಡ್ಡ ಕಾಲೇಜಿನಲ್ಲಿ ಓದಿದವರು, ಅದನ್ನು ಎಂದೂ ಎತ್ತಿ ಆಡಿದವರಲ್ಲ, ಆದರೂ ಅವರು ಬಗ್ಗಿ ನೋಡಿದರೆ ಅವಳ ಅಂಗೈ ಬೆವರುತ್ತದೆ. ಕೆಂಪು ಕಾಣ್ತಿದೆ, ಅಂದಳು. ಬೋರ್ಡು ಬರೆಯೋರ ಹಲಗೆ ತಾನೇ, ಅಡಿಗೆ ರೆಡ್ ಆಕ್ಸೈಡು ಬಳಿದಿರ್ತಾರೆ, ಅದೇ ಇಣುಕ್ತಿರುತ್ತೆ ಬಿಡಿ, ಅಂದು ಅವರು ಚಹಾ ಊದಿಕೊಳ್ಳುತ್ತಾ ಹೋದರು. ಹೌದಲ್ಲ. ಅಡಿಬಣ್ಣ ಕಂಡದ್ದಕ್ಕೆ ನೀನು ಒಂದು ಕಥೆ ಕಟ್ಟಿಬಿಟ್ಟೆ, ಬೇಕಾದದ್ದು ಕಾಣುತ್ತದೆ ಬೇಕೆಂದವರಿಗೆ, ಅಕ್ಕ ಬೇಕು ನಿನಗೆ, ಅದಕ್ಕೇ ಕೆಂಪು — ತಡಿ, ತಡಿ. ಅನುಮಾನ ಬಂದರೆ ಬೇರೆ ಕಡೆ ನೋಡು, ಅದೂ ಮೇಷ್ಟ್ರ ಮಾತೇ. ಅಮ್ಮನ ತೋಳಿನ ಮೇಲೆ ವಯಸ್ಸಿನ ಬಿರುಕಿದೆ, ತಳ ಮುಟ್ಟಿದೆ, ತಳದಲ್ಲಿ ಬಿಳಿ. ಅಪ್ಪನ ಬೂಟಿನ ತುದಿಯಲ್ಲಿ ಚಕ್ಕೆ ಎದ್ದಿದೆ, ಅಲ್ಲೂ ಬಿಳಿ. ಹಲಗೆಯ ನಾಲ್ಕೂ ಮೂಲೆ ನೋಡಿದಳು, ಬಿಳಿ, ಬಿಳಿ, ಬಿಳಿ, ಬಿಳಿ. ಅಡಿಬಣ್ಣ ಬಿಳಿ. ಕೆಂಪು ಇರುವುದು ಕುರ್ಚಿಯ ಹಿಂದೆ ಮಾತ್ರ. ಅಲ್ಲೇ ಒಂದು ಕಡೆ ಸಾಸಿವೆಯಷ್ಟು ಚಕ್ಕೆ ಉದುರಿದೆ, ಅದರ ಒಡೆದ ಅಂಚಿಗೆ ಮೈಕ್ರೋಸ್ಕೋಪು ತಿರುಗಿಸಿದಳು, ಉಸಿರು ಬಿಟ್ಟರೆ ಗಾಜಿಗೆ ಮಂಜು, ಬಿಡದೆ ನೋಡಿದಳು, ಪುಸ್ತಕದ ಬದಿಯ ಹಾಗೆ ಹಾಳೆ ಹಾಳೆ, ಬಿಳಿ, ಅದರ ಮೇಲೆ ಹಸಿರು, ಹಸಿರಿನ ಮೇಲೆ ಕಂದು, ಕಂದಿನ ಮೇಲೆ ಕೆಂಪು, ಮತ್ತೆ ಕಂದು, ಮತ್ತೆ ಕೆಂಪು, ಕಂದು, ಕೆಂಪು, ಕಂದು. ಗೋಡೆ ಬಳಿದ ಮೇಲೆ ಗೋಡೆಯ ಮುಂದೆ ಯಾರನ್ನೋ ನಿಲ್ಲಿಸಿದ್ದಾನೆ, ಒಣಗುವ ಮೊದಲೇ ಮುಚ್ಚಿದ್ದಾನೆ, ಮತ್ತೆ ನಿಲ್ಲಿಸಿದ್ದಾನೆ.

ಕೆಂಪು ಕೋಟು. ಮೊದಲ ಸಂಬಳದ ಕೋಟು, ದುಂದು ಅಂತಾನೆ ಅಪ್ಪ ಎಂದು ಅಕ್ಕ ಅದನ್ನು ಗೆಳತಿಯ ಮನೆಯಲ್ಲೇ ಇಟ್ಟಿದ್ದಳು, ಹೋಗುವ ದಿನ ಬ್ಯಾಗಿನಲ್ಲಿ ಮಡಚಿ ತಂದು ಮೆಟ್ಟಿಲಿಳಿದ ಮೇಲೆ ಬೀದಿಯಲ್ಲಿ ನಿಂತು ಹಾಕಿಕೊಂಡಳು, ಹನ್ನೆರಡು ವರ್ಷದ ತಾನು ಅಡುಗೆಮನೆಯ ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡುತ್ತಿದ್ದಳು, ಕೆಂಪು ಕೋಟು ಬೀದಿಯುದ್ದಕ್ಕೂ ನಡೆಯಿತು, ಒಮ್ಮೆಯೂ ತಿರುಗಲಿಲ್ಲ, ಬೇಕರಿಯ ತಿರುವಿನಲ್ಲಿ ಒಂದು ಗಳಿಗೆ ಅರ್ಧ ಕೋಟು, ಆಮೇಲೆ ಬರೀ ಬೇಕರಿ. ಅಪ್ಪ ಮಲಗುವ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಹೋಗೋರು ಹೋಗ್ಲಿ, ನಾನು ನೋಡಲ್ಲ ಅಂದಿದ್ದ, ಅವಳು ಓಡಿ ಬಂದು ನೋಡಿದಾಗಲೂ ಗೋಡೆ ಕಡೆಗೇ ಇದ್ದ, ಹೇಗಿದ್ದನೋ ಹಾಗೇ. ಹಾಗೇ ಅಲ್ಲ. ಎದ್ದಿದ್ದ, ಬೀದಿಗಿಳಿದ ಮೇಲಷ್ಟೇ ಹಾಕಿಕೊಂಡ ಆ ಕೆಂಪು ಅಪ್ಪನ ಬ್ರಷ್ಷಿಗೆ ಇನ್ನೆಲ್ಲಿಂದ ಬರಬೇಕು. ಆ ಕೋಣೆಗೂ ಒಂದು ಕಿಟಕಿಯಿತ್ತು, ಅವಳು ಈ ಕಿಟಕಿಯಲ್ಲಿ, ಅಪ್ಪ ಆ ಕಿಟಕಿಯಲ್ಲಿ, ನಡುವೆ ಒಂದೇ ಒಂದು ಗೋಡೆ, ಇಬ್ಬರೂ ಅದೇ ಕೆಂಪನ್ನು ಅದೇ ತಿರುವಿನವರೆಗೆ ಕಳಿಸಿಕೊಟ್ಟಿದ್ದರು, ಒಬ್ಬರಿಗೊಬ್ಬರು ಎಂದೂ ಹೇಳಿಕೊಳ್ಳಲಿಲ್ಲ, ಅಪ್ಪ ಹೇಳದೆಯೇ ಹೋದ. ಅಮ್ಮ ಲಾಂಡ್ರಿ ಕೆಲಸ ಮುಗಿಸಿ ಒಂದು ಗಂಟೆಗೆ ಬರುವಳು, ಆ ಹುಡುಗಿಯ ಹೆಸರು ಈ ಮನೇಲಿ ಎತ್ತಕೂಡದು ಎಂದು ಅಪ್ಪ ಅವಳೆದುರೇ ಆಣೆ ಹಾಕಿದ್ದ, ಬೆಳಿಗ್ಗೆ ಬರೆದ ಮಗಳು ಒಂದರೊಳಗೆ ಗೋಡೆಯಾಗಬೇಕು, ಒಣಗಲು ಹೊತ್ತೆಲ್ಲಿ — ಬಣ್ಣಕ್ಕೆ ಅರ್ಜೆಂಟು ಗೊತ್ತಿಲ್ಲದಿದ್ದರೂ ಬಣ್ಣದವನಿಗೆ ಗೊತ್ತಾಗಿತ್ತು. ಮತ್ತು ಆ ಜ್ವರದ ದಿನ, ಇನ್ನು ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ, ಸ್ಕೂಲಿನಿಂದ ಅರ್ಧಕ್ಕೇ ಬಂದಾಗ ಮನೆಯೆಲ್ಲ ಟರ್ಪೆಂಟೈನ್ ವಾಸನೆ, ಅಪ್ಪ ಚಿತ್ರದ ಮುಂದೆ ಅಗಲ ಬ್ರಷ್ಷು ಹಿಡಿದು, ಹೆಬ್ಬೆರಳಿನ ಉಗುರಿನಲ್ಲಿ ಕೆಂಪು, ಏನಪ್ಪಾ ಅಂದರೆ, ಹಸಿರು ಮೇಲೆ ಬರ್ತಿದೆ, ಇನ್ನೊಂದು ಸಲ ಬಳೀತಿದ್ದೀನಿ, ಹೋಗಿ ಮಲಗು. ಅವಳು ಮಲಗಲಿಲ್ಲ, ನೋಟುಪುಸ್ತಕದ ಹಾಳೆ ಹರಿದು ಅಕ್ಕನಿಗೆ ಕಾಗದ ಬರೆದಳು, ಒಂದು ಒತ್ತಕ್ಷರವೂ ತಪ್ಪದ ಹಾಗೆ, ಅಪ್ಪನಿಗೆ ಸಿಟ್ಟು ಇಳಿದಿಲ್ಲ ಅಕ್ಕಾ, ಹಸಿರು ಮೇಲೆ ಬರ್ತಿದೆ ಅಂತ ಇವತ್ತು ಮತ್ತೆ ನಿನ್ನ ಮೇಲೆ ಬಳಿದ. ಅಕ್ಕ ಉತ್ತರ ಬರೆಯಲಿಲ್ಲ, ಅಪ್ಪ ಹೋದಾಗಲೂ ಬರಲಿಲ್ಲ. ಉಗುರು ಕಂಡಿತ್ತು, ಓದಲು ಬರಲಿಲ್ಲ. ಓದೋರು ಹೇಳ್ತಾರೆ ಸುಳ್ಳು.

ಕಂದು ಬಣ್ಣ ಬಿಡಿಸಿ ತೋರಿಸೋಣವೆಂದರೆ ಆಗದು, ಎರಡೂ ಒಟ್ಟಿಗೇ ಒಣಗಿದ ಬಣ್ಣ, ಕಂದು ಕರಗುವ ಔಷಧಿಗೆ ಕೆಂಪೂ ಕರಗುತ್ತದೆ, ಕಾಣುವುದೆಲ್ಲ ಬಿರುಕಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ, ಅದರಾಚೆ ಮುಖವಿತ್ತೋ, ಬೆನ್ನಿತ್ತೋ, ಬೆನ್ನೇ ಇರಬೇಕು, ಅಪ್ಪ ಕಂಡದ್ದು ಬೆನ್ನನ್ನು. ಬಾಯಲ್ಲಿ ಹೇಳಿದರೆ ಅಕ್ಕ ನಂಬುವವಳಲ್ಲ, ಒಮ್ಮೆ ಇವಳ ಮಾತು ನಂಬಿ ಮೂವತ್ತೊಂದು ವರ್ಷ ಕಳಕೊಂಡವಳು. ಈ ಕೋಣೆಯ ಪದ್ಧತಿ ಒಂದಿದೆ, ಎರಡನೆಯವರ ಕಣ್ಣಿಗೆ ಒಪ್ಪಿಸುವಾಗ ನೀನು ಕಂಡದ್ದನ್ನು ಹೇಳಕೂಡದು, ಅವರೇ ನೋಡಿ ಅವರೇ ಹೇಳಬೇಕು. ಹೇಳಬೇಡ, ಬಾಯಿ ತುದಿಗೆ ಬಂದರೂ ಹೇಳಬೇಡ — ಮೆಟ್ಟಿಲ ಮೇಲೆ ಹೆಜ್ಜೆ, ಅಮ್ಮನ ನಡಿಗೆ, ಅಮ್ಮ ಅಲ್ಲ, ಬಾಗಿಲಲ್ಲಿ ಅಕ್ಕ, ಕೂದಲು ಪೂರಾ ಬೆಳ್ಳಗೆ, ಏನೇ ಇರುವೆ, ಇನ್ನೂ ಇಷ್ಟೇ ಇದ್ದೀಯಲ್ಲ, ಮಷಿನ್ ಎಲ್ಲಿ, ಟ್ಯಾಕ್ಸಿಯವನು ಕಾಯ್ತಿದ್ದಾನೆ. ಒಂದ್ನಿಮಿಷ ಅಕ್ಕಾ, ಇದರಲ್ಲಿ ಕಣ್ಣಿಟ್ಟು ಬಣ್ಣ ಯಾವುದು ಹೇಳು, ಇನ್ನೊಬ್ಬರು ನೋಡ್ಬೇಕು, ಅದು ಇಲ್ಲಿನ ರೂಲು. ಅದನ್ನ ಒಲೆಗೆ ಹಾಕು ಅಂದಿದ್ದೆನಲ್ಲ. ಹಾಕ್ತೀನಿ, ನೋಡಿದ ಮೇಲೆ ನೀನು ಹೇಳಿದ್ರೆ ಹಾಕ್ತೀನಿ. ನೋಡೋದೇನು, ಹಸಿರು, ನೀನೇ ಬರೆದಿದ್ದೆಯಲ್ಲೇ ಮಹರಾಯ್ತಿ, ಚಂದದ ಅಕ್ಷರದಲ್ಲಿ, ಅನ್ನುತ್ತಲೇ ಅಕ್ಕ ಬಗ್ಗಿದಳು, ಒಂದು ಕೈ ಮೇಜಿನ ಅಂಚಿನಲ್ಲಿ, ಗಲ್ಲ ಮೈಕ್ರೋಸ್ಕೋಪಿಗೆ ತಾಗುವಷ್ಟು ಹತ್ತಿರ, ಕುರ್ಚಿಯ ಬೆನ್ನಿಗೆ ಊರಿದ್ದಳಲ್ಲ, ಹಾಗೆ. ಕಾಣ್ತಿಲ್ಲ. ಬಲಗಡೆಯ ತಿರುಗಣೆ ತಿರುಗಿಸು, ಮೆಲ್ಲಗೆ. ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ಕೂದಲೆಳೆಯಷ್ಟು ತಿರುಗಿಸಿದಳು. ಹೊರಗೆ ಟ್ಯಾಕ್ಸಿ ಒಮ್ಮೆ ಹಾರ್ನ್ ಹಾಕಿತು, ಇನ್ನೊಮ್ಮೆ ಹಾಕಿತು. ಅವಳು ತುಟಿ ಕಚ್ಚಿ ನಿಂತಿದ್ದಾಳೆ, ಹೇಳಬೇಡ, ಹೇಳಬೇಡ. ಅಕ್ಕ ಬಣ್ಣದ ಹೆಸರು ಹೇಳಲಿಲ್ಲ, ಕಣ್ಣನ್ನೂ ಎತ್ತಲಿಲ್ಲ, ಅಪ್ಪ ಯಾವ ಕಿಟಕಿಯಿಂದ ನೋಡ್ದ, ಅಂದಳು. ಮಲಗೋ ಕೋಣೆದು, ಅಂದಳು ಇವಳು. ತಿರುಗಣೆಯ ಮೇಲೆ ಅಕ್ಕನ ಬೆರಳು ಹಾಗೇ ಇದೆ, ಬಿರುಕು ಒಂದು ಬೀದಿಯಷ್ಟು ನೆಟ್ಟಗೆ ಹೋಗಿ ತುದಿಯಲ್ಲಿ ಬಾಗುತ್ತದೆ, ಬಾಗುವಲ್ಲಿ ಕೆಂಪು, ಅರ್ಧ ಕಾಣುತ್ತಿರುವ ಕೆಂಪು, ಇನ್ನೇನು ಮರೆಯಾಗಬೇಕು, ಆಗಿಲ್ಲ, ತಿರುವಿನಲ್ಲಿ ಕೆಂಪು