ಬೆಗಾಯಿಮ್ ಕೆಳಗಿಟ್ಟ ಸೂಜಿ

ನಮ್ಮ ತಲಾಸ್ ಕಣಿವೆಯಲ್ಲಿ ಒಂದು ಮನೆಗೆ ಸೊಸೆ ಬಂದಳೆಂದರೆ ಸಾಕು, ಉಳಿದವರ ಕೈಕಾಲು ಬಿದ್ದುಹೋಗುತ್ತವೆ. ಅಂಗಳ ಗುಡಿಸುವವಳು ಅವಳು, ಹಸು ಕರೆಯುವವಳು ಅವಳು, ಬಂದವರಿಗೆಲ್ಲ ಚಹಾ ಸುರಿಯುವವಳೂ ಅವಳೇ. ಹೊರಗೆ ದುಡಿದರೂ ಅಷ್ಟೇ, ಓದಿದರೂ ಅಷ್ಟೇ. ಇದನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿದೆ. ಅದಕ್ಕೇ ಈ ಕತೆ ಹೇಳುತ್ತಿದ್ದೇನೆ.

ನಾನು ತುರ್ಸುನ್. ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು, ಓಣಿಯ ಕಿರಿಯರಿಗೆಲ್ಲ 'ಎಜೆ', ಎಂದರೆ ಅಕ್ಕ. ಪಕ್ಕದ ಮನೆ ಉರ್ಕುಯಾಳದು. ಅವಳ ಸೊಸೆ ಬೆಗಾಯಿಮ್ ಬೆಳಗ್ಗೆ ಆಸ್ಪತ್ರೆಯಲ್ಲಿ ಆಯಾ, ಮಧ್ಯಾಹ್ನದ ಮೇಲೆ ನರ್ಸಿಂಗ್ ಕಾಲೇಜಿನ ಹುಡುಗಿ, ಮನೆಗೆ ಬಂದಮೇಲೆ ಗಾಣದೆತ್ತು. ಮದುವೆಗೆ ಬಂದಾಗ ಸೇಬಿನಂತಿದ್ದ ಮುಖ ಈಗ ಸುಣ್ಣ ಬಳಿದಂತಾಗಿತ್ತು.

ಅವತ್ತು ಸಂಜೆ ಉರ್ಕುಯಾಳ ಮನೆಗೆ ಅವಳ ಗಂಡನ ಅಣ್ಣ ಮುಕಾಯ್ ದೊಡ್ಡಪ್ಪ ಬಂದಿದ್ದ. ನನ್ನನ್ನೂ ಚಹಾಕ್ಕೆ ಕರೆದಿದ್ದರು. ಬೆಗಾಯಿಮ್ ಆಗಷ್ಟೇ ಕಾಲೇಜಿನಿಂದ ಬಂದಿದ್ದಳು. ಚೀಲ ಇಟ್ಟವಳೇ ತಲೆಗೆ ವಸ್ತ್ರ ಕಟ್ಟಿ ಕೆಟಲಿಯ ಪಕ್ಕ ಕುಳಿತಳು. ಒಂದು ಚೂರು ರೊಟ್ಟಿ ಸಹ ಬಾಯಿಗೆ ಹಾಕಲಿಲ್ಲ.

ನಮ್ಮಲ್ಲಿ ಬಟ್ಟಲಿಗೆ ಅರ್ಧವೇ ಚಹಾ ಸುರಿಯಬೇಕು, ಅದೇ ಮರ್ಯಾದೆ. ತುಂಬ ಸುರಿದರೆ "ಕುಡಿದು ಹೊರಡಿ" ಎಂದಂತೆ. ಅರ್ಧ ಬಟ್ಟಲು ಎರಡು ಗುಟುಕಿಗೆ ಮುಗಿಯುತ್ತದೆ, ಸೊಸೆ ಮತ್ತೆ ಸುರಿಯಬೇಕು. ದೊಡ್ಡಪ್ಪ ಕುದುರೆಯ ವಿಷಯ ಶುರು ಮಾಡಿದ. ಬೆಗಾಯಿಮ್ ಕಣ್ಣು ಎಳೆಯುತ್ತಿತ್ತು. ಅವನ ಬಟ್ಟಲಿಗೆ ಸುರಿದಳು, ಸುರಿದಳು, ನಿಲ್ಲಿಸಲೇ ಇಲ್ಲ. ಬಟ್ಟಲು ತುಂಬಿ, ಚಹಾ ಊಟಕ್ಕೆ ಹಾಸಿದ ಬಟ್ಟೆಯ ಮೇಲೆ ಹರಿಯಿತು.

ದೊಡ್ಡಪ್ಪ ಟೋಪಿ ಸರಿ ಮಾಡಿಕೊಂಡ. "ಓಹೋ! ಎದ್ದು ಹೋಗು ಅಂತೀಯೇನಮ್ಮ? ಸರಿ ಬಿಡು, ಹೊರಟೆ."

ಎಷ್ಟು ಕರೆದರೂ ನಿಲ್ಲದೆ ಹೊರಟೇ ಹೋದ. ಉರ್ಕುಯಾಳ ಸಿಟ್ಟು ನೆತ್ತಿಗೇರಿತು.

"ಮಾನ ಕಳೆದೆಯಲ್ಲೇ! ನಾಳೆಯಿಂದ ಆ ಕಾಲೇಜು ಬಂದ್. ಓದಿ ಓದಿ ತಲೆ ತಿರುಗಿದೆ ಇವಳಿಗೆ."

"ಇಲ್ಲ ಅಪಾ, ದಮ್ಮಯ್ಯ, ಕಾಲೇಜು ಒಂದು ಬಿಡಿಸ್ಬೇಡಿ," ಎಂದು ಅತ್ತೆಯನ್ನು ಬೇಡಿಕೊಂಡಳು ಬೆಗಾಯಿಮ್. ಅಪಾ ಎಂದರೆ ನಮ್ಮಲ್ಲಿ ಅಮ್ಮ.

ಗಂಡ ಎರ್ಮೆಕ್ ಪಕ್ಕದಲ್ಲೇ ಇದ್ದ. ಹಿಟ್ಟಿನ ತುಂಡು ಕರಿದ ಬೋರ್ಸೋಕನ್ನು ಜಾಮಿನಲ್ಲಿ ಅದ್ದಿ ತಿನ್ನುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿಯಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲ ಉರ್ಕುಯಾ," ಎಂದೆ. "ಕಾಲೇಜಲ್ಲ ಕಣೇ ತಪ್ಪು. ಹುಡುಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ಕೇಳಿದೀಯಾ?"

"ನಾವೇನು ಸೊಸೆಯಾಗಿರಲಿಲ್ವಾ? ಹುರುಳಿಕಾಯಿ ಹೊಲದಲ್ಲಿ ದುಡಿದು ಬಂದು ನಾವೂ ಚಹಾ ಸುರಿದಿದ್ದೀವಿ. ಇವಳಿಗೆ ಯಾರದೋ ಕಣ್ಣು ಬಿದ್ದಿದೆ, ಅಷ್ಟೇ. ಅರ್ಚಾ ಸೊಪ್ಪಿನ ಹೊಗೆ ಹಾಕಿದ್ರೆ ಸರಿಹೋಗ್ತಾಳೆ."

"ಹಾಕು, ಹಾಕು! ನಿದ್ದೆ ಇಲ್ಲದವಳಿಗೆ ಹೊಗೆ, ಹಸಿದವಳಿಗೆ ಬೈಗುಳ. ಭೇಷ್!"

ಉರ್ಕುಯಾ ಮುಖ ತಿರುಗಿಸಿದಳು. ಅವಳಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಆಗಬೇಕು. "ಬಾ, ಚುಚ್ಚು," ಎಂದು ತೋಳು ಚಾಚಿದಳು. ಎಷ್ಟು ಬೈದರೂ ಆ ಕೆಲಸ ಮಾತ್ರ ಸೊಸೆಯೇ ಮಾಡಬೇಕು.

ಬೆಗಾಯಿಮ್ ಔಷಧಿ ಎಳೆದಳು. ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ನೋಡಿದಳು. ಆಮೇಲೆ ತಟ್ಟೆಯಲ್ಲಿ ಇಟ್ಟುಬಿಟ್ಟಳು.

"ಅಪಾ, ಇವತ್ತು ನಾನು ಚುಚ್ಚಲ್ಲ. ಅಳತೆಯ ಗೆರೆಗಳು ಒಂದಕ್ಕೆ ಎರಡು ಕಾಣ್ತಿವೆ. ಔಷಧಿ ಹೆಚ್ಚಾದ್ರೆ ನೀವು ನನ್ನ ಕೈಯಲ್ಲೇ ಸತ್ತುಹೋಗ್ತೀರಿ."

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಒಳಗಿದ್ದದ್ದೆಲ್ಲ ಹೊರಬಂತು. ಮಲಗಿದರೂ ನಿದ್ದೆ ಹತ್ತುವುದಿಲ್ಲ. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಸೋಮವಾರ ಪರೀಕ್ಷೆ, ಅದೇ ದಿನ ವಾರ್ಡಿನಲ್ಲಿ ಡ್ಯೂಟಿ ಹಾಕಿದ್ದಾರೆ.

"ಯಾರಿಗೂ ಯಾಕೆ ಹೇಳಲಿಲ್ಲವೇ?" ಎಂದೆ.

"ಯಾರಿಗೆ ಹೇಳಲಿ ಎಜೆ? ತವರಲ್ಲಿ 'ಸಹಿಸ್ಕೋ' ಅಂತಾರೆ. ಇಲ್ಲಿ ಹೇಳಿದ್ರೆ ಕಾಲೇಜು ಬಿಡಿಸ್ತಾರೆ."

ಉರ್ಕುಯಾ ಚಾಚಿದ ತೋಳನ್ನು ಹಿಂದಕ್ಕೆ ಎಳೆದುಕೊಂಡಿದ್ದಳು. ಮುಖ ಬಿಳಿಚಿತ್ತು.

"ನೋಡಿದೆಯಾ?" ಎಂದೆ. "ಗೊತ್ತಾಗದೆ ಚುಚ್ಚಿಬಿಡೋರು ಬೇಕಾದಷ್ಟು ಜನ ಇದ್ದಾರೆ. ಇವಳು ನಿಲ್ಲಿಸಿದಳು. ಅದನ್ನ ಕಲಿಸಿದ್ದು ಆ ಕಾಲೇಜೇ. ಬಿಡಿಸ್ತೀಯಾ ಈಗ?"

ನಾನು ಎರ್ಮೆಕ್ ಕಡೆ ತಿರುಗಿದೆ. "ಏಳಪ್ಪಾ, ಕೈ ತೊಳೆದು ಬಾ. ಇನ್ನು ನೀನು ಕಲಿ."

"ನಾನಾ? ಎಜೆ, ನನಗೆ ರಕ್ತ ನೋಡಿದ್ರೆ…"

"ಹಬ್ಬಕ್ಕೆ ಕುರಿ ಕೊಯ್ಯೋವಾಗ ಇಲ್ಲದ ಭಯ ಅಮ್ಮನ ಹತ್ರ ಬಂತಾ?"

ಔಷಧಿಯ ಅಳತೆ ನಾನೇ ನೋಡಿಕೊಟ್ಟೆ. ಹೆಬ್ಬುಲಿಯಂಥ ಗಂಡಸು ಎರಡು ಸಲ ಸೂಜಿ ಹತ್ತಿರ ತಂದು ಹಿಂದಕ್ಕೆಳೆದುಕೊಂಡ. ಆದರೂ ಚುಚ್ಚಿದ. ಉರ್ಕುಯಾ ಸೊಸೆಯ ಮುಂದೆ ರೊಟ್ಟಿ, ಬೆಣ್ಣೆ ಸರಿಸಿ, "ತಿಂದು ಮಲಗು ಮಗಳೇ, ಹಸು ನಾನು ಕರೀತೀನಿ," ಎಂದಳು.

ಮಾರನೇ ದಿನ ನಾನೂ ಬೆಗಾಯಿಮಳೂ ವಾರ್ಡಿನ ಮುಖ್ಯಸ್ಥೆಯ ಹತ್ತಿರ ಹೋದೆವು. "ಹೇಗೂ ಓದ್ತಿದಾಳಲ್ಲ, ಡ್ಯೂಟಿ ಮಾಡ್ತಾ ಕಲೀಲಿ," ಎಂದಳು ಆಕೆ. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಡ್ಯೂಟಿ ಬದಲಾಯಿತು. ಕಾಲೇಜಿನ ಟೀಚರು, "ಮೊದಲೇ ಹೇಳಬಾರದಿತ್ತಾ?" ಎಂದು ಬಿಟ್ಟುಹೋದ ಪಾಠ ಹೇಳಿಕೊಡಲು ಒಪ್ಪಿದರು. ನಿದ್ದೆ ಹತ್ತದಿರುವುದಕ್ಕೆ, ಎದೆ ಹೊಡೆದುಕೊಳ್ಳುವುದಕ್ಕೆ ಡಾಕ್ಟರಿಗೂ ತೋರಿಸಿದೆವು. ಒಂದೇ ವಾರಕ್ಕೆ ಎಲ್ಲ ಸರಿಹೋಗಲಿಲ್ಲ, ಆದರೆ ಪರೀಕ್ಷೆ ಬರೆದಳು.

ಮೊನ್ನೆ ಮುಕಾಯ್ ದೊಡ್ಡಪ್ಪ ಮತ್ತೆ ಬಂದಿದ್ದ. ಎರ್ಮೆಕ್ ಕೆಟಲಿ ಹಿಡಿದದ್ದು ಕಂಡು, "ಸೊಸೆ ಎಲ್ಲಿ? ಈ ಮನೇಲಿ ಗಂಡಸರು ಚಹಾ ಸುರಿಯೋ ಕಾಲ ಬಂತಾ?" ಎಂದು ಗುಡುಗಿದ.

ಉರ್ಕುಯಾ ಒಳಕೋಣೆಯ ಬಾಗಿಲೆಳೆದು ಬಂದಳು. "ಅವಳು ಮಲಗಿದಾಳೆ. ಮೆಲ್ಲಗೆ ಮಾತಾಡಿ," ಎಂದಳು.

ಓದುತ್ತಾ ದುಡಿಯುವ ತಂಗಿಯರೇ, ಹಲ್ಲು ಕಚ್ಚಿ ಸಹಿಸಿದ್ದು ಸಾಕು. ನಿದ್ದೆ ಕೆಟ್ಟರೆ, ಎದೆ ಹೊಡೆದುಕೊಂಡರೆ, ಸುಮ್ಮಸುಮ್ಮನೆ ಅಳು ಬಂದರೆ ಟೀಚರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಪರೀಕ್ಷೆಯ ದಿನ ರಜೆ ಬೇಕು ಎಂದು ಬಾಯಿ ಬಿಟ್ಟು ಕೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇನ್ನು ಮನೆಯವರಿಗೆ. ನಾಳೆ ನೀವು ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ಔಷಧಿ ತರುವವಳು ಯಾರದೋ ಮನೆಯ ಸೊಸೆ. ಅವಳನ್ನು ಮಲಗಲು ಬಿಟ್ಟಿದ್ದರೋ ಇಲ್ಲವೋ ಎಂದು ಆಗ ಯೋಚಿಸಿ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲಿ ಅಂಥವಳು ಒಬ್ಬಳಿದ್ದರೆ ಈ ಕಾಗದ ಕೆಳಗಿಡಿ, ಎದ್ದು ಹೋಗಿ ಪಾತ್ರೆ ತೊಳೆಯಿರಿ.