ಹುಲಿಯಮ್ಮನ ಕಾವು

ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದ ಪ್ರಜ್ಞಾ ಮೂಗು ಮುಚ್ಚಿಕೊಂಡಳು. ಒದ್ದೆ ಬಟ್ಟೆಯ ಮೇಲೆ ಹರಡಿದ್ದ ಬದನೆ ಬೀಜಗಳು ಲೋಳೆಯಾಗಿ, ಮುಟ್ಟಿದರೆ ಬೆರಳಿಗೆ ಅಂಟಿಕೊಳ್ಳುತ್ತಿದ್ದವು. ಒಂದಾದರೂ ಬಾಯಿ ಬಿಟ್ಟಿರಲಿಲ್ಲ. ಒಳಗಿನ ಬಲ್ಬು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಉರಿಯುತ್ತಿತ್ತು.

ಅತ್ತೆ ಹುಲಿಯಮ್ಮ ತವರಿಂದ ತಂದು ವರ್ಷವರ್ಷವೂ ಉಳಿಸಿಕೊಂಡು ಬಂದಿದ್ದ ಮುಳ್ಳುಬದನೆ ಅದು. ಹೋದ ವರ್ಷ ಹೊಟ್ಟೆಯ ಗಡ್ಡೆಗೆ ಆಪರೇಷನ್ ಆಗಿ ಅವಳು ಮಲಗಿದ್ದರಿಂದ ಹಿತ್ತಿಲಲ್ಲಿ ಯಾರೂ ಪಾತಿ ಮಾಡಲಿಲ್ಲ. ಬೀಜ ಕಾಪಿಡಲು ಗೋಡೆಗೆ ಬಡಿದಿದ್ದ ಸಗಣಿ ಬಿಲ್ಲೆಯಲ್ಲಿ ಒಂದು ಚಿಟಿಕೆ ಬೀಜ ಉಳಿದಿತ್ತು, ಅಷ್ಟೇ. ಹುಲಿಯಮ್ಮನ ಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ರಕ್ತನಾಳಕ್ಕೆ ಔಷಧಿ ಹತ್ತಿಸಿಕೊಂಡು ಬರುತ್ತಿದ್ದಳು. ಆ ಔಷಧಿಯಿಂದ ಮೈಯಲ್ಲಿ ಈಗ ರೋಗ ತಡೆಯುವ ಶಕ್ತಿ ಇಲ್ಲ, ಜ್ವರವೊಂದು ಬರದ ಹಾಗೆ ನೋಡಿಕೊಳ್ಳಿ, ಬಂದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಹೋದಾಗಲೆಲ್ಲ ಡಾಕ್ಟರು ಹೇಳಿ ಕಳಿಸುತ್ತಿದ್ದರು.

ಅಜ್ಜಂಪುರದ ಆ ಕೇರಿಯಲ್ಲಿ ಬೀಜಕ್ಕೆ ಮೊಳಕೆ ಬರಿಸುವುದೆಂದರೆ ಹುಲಿಯಮ್ಮನ ಕೆಲಸ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳೆಂದರೆ ಮೊಳಕೆ ಒಡೆಯುವವರೆಗೂ ತೆಗೆಯುತ್ತಿರಲಿಲ್ಲ. ಅದಕ್ಕೆ ಕಾವು ಕೂರುವುದು ಎನ್ನುತ್ತಿದ್ದರು. ಅವ್ವ ಈ ಸಲ ಎಷ್ಟು ಮರಿ ಮಾಡ್ತೀಯಾ ಎಂದು ಮಗ ಚಂದ್ರಕುಮಾರ್ ಕಿಚಾಯಿಸಿದರೆ ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಪ್ರಜ್ಞಾಳದು ಪೆಟ್ಟಿಗೆ, ಬಲ್ಬು, ತಂತಿಯ ಥರ್ಮಾಮೀಟರಿನ ದಾರಿ. ಮಾಗಿಯ ಚಳಿಗೆ ಬೀಜ ಏಳುವುದಿಲ್ಲ, ಬಿಸಿ ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಎಷ್ಟು ಬಿಸಿ ಎಂದು ಮೊಬೈಲನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ತಲೆ ಕೆಟ್ಟು, ಮನೆಯಲ್ಲೇ ಅಳತೆ ಇರುವಾಗ ಊರೆಲ್ಲ ಯಾಕೆ ಹುಡುಕಲಿ ಎಂದುಕೊಂಡಳು. ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಅತ್ತೆಯ ಸೊಂಟಕ್ಕೆ ಕೊಟ್ಟು, ಆ ಗಂಟಿನೊಳಕ್ಕೇ ತಂತಿ ತೂರಿಸಿ ನೋಡಿದಳು. ಮೂವತ್ತೆಂಟು ಡಿಗ್ರಿ ತೋರಿಸಿತು. "ಅತ್ತೆ, ನಿಮ್ ಕಾವು ಭಾರಿ ಐತೆ ಕಣ್ರೀ" ಎಂದಾಗ ಹುಲಿಯಮ್ಮ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಿದ್ದಳು. ಪ್ರಜ್ಞಾ ತನ್ನ ಪೆಟ್ಟಿಗೆಯನ್ನೂ ಮೂವತ್ತೆಂಟಕ್ಕೇ ತಿರುಗಿಸಿ ನಿಶ್ಚಿಂತೆಯಾಗಿ ಬಿಟ್ಟಿದ್ದಳು.

ಈಗ ನೋಡಿದರೆ ಬೀಜಗಳು ಬೆಂದುಹೋಗಿವೆ.

ಥರ್ಮಾಮೀಟರೇ ಕೆಟ್ಟಿರಬೇಕೆಂದು ಮೊದಲು ಅದನ್ನು ಬೈದಳು. ತಂತಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾದಳು. ಮೂವತ್ಮೂರು. ಕೊಡವಿ ಮತ್ತೆ ಇಟ್ಟುಕೊಂಡಳು. ಮತ್ತೂ ಅಷ್ಟೇ. ಅದನ್ನೇ ಹಿಡಿದು ಅಂಗಳಕ್ಕೆ ಬಂದರೆ, ಏರಿದ ಬಿಸಿಲಲ್ಲಿ ಹುಲಿಯಮ್ಮ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು.

ಅತ್ತೆಯ ಹಣೆ ಮುಟ್ಟಿದ ಪ್ರಜ್ಞಾ ಚಕ್ಕನೆ ಕೈ ತೆಗೆದಳು. ಗಂಟಿನ ಬಿಸಿ ಎಷ್ಟೆಂದು ನೋಡಿ ಹಿಗ್ಗಿದವಳು, ಅದೇ ಬಿಸಿ ಯಾರ ಮೈಯದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತನ್ನ ಬಗ್ಗೆಯೇ ಅವಳಿಗೆ ಭಯವಾಯಿತು.

"ಅತ್ತೆ, ಇದು ಜ್ವರ. ಯಾವತ್ತಿಂದ ಬಂದೈತೆ?"

"ಜ್ವರ ಅಲ್ಲ ಕಣೇ, ಕಾವು. ನೀನೇ ಅಂದ್ಯಲ್ಲ."

ಹುಲಿಯಮ್ಮ ಕಂಬಳಿ ಬಿಗಿಯಾಗಿ ಎಳೆದುಕೊಂಡಳು.

"ಔಷಧಿ ಹತ್ತಿಸಿ ಹತ್ತಿಸಿ ಮೈಯೆಲ್ಲ ತಣ್ಣಗಾಗೋಯ್ತು, ಇನ್ನ ನನ್ ತಾವ ಏನೂ ಹುಟ್ಟಾಕಿಲ್ಲ ಅಂದ್ಕಂಡಿದ್ದೆ. ನೀನು ಕಾವೈತೆ ಅಂದೆ ನೋಡು, ಜೀವ ಬಂದಂಗಾತು ಕಣವ್ವಾ."

ಪಕ್ಕದ ಮನೆಯ ಸಿದ್ದೇಶ್ ಓಮ್ನಿ ವ್ಯಾನು ತಂದ. ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸದಲ್ಲಿದ್ದ ಚಂದ್ರಕುಮಾರನಿಗೆ ಫೋನು ಮಾಡಿ, ಸಿಕ್ಕ ಬಸ್ಸು ಹತ್ತಿ ತರೀಕೆರೆ ಆಸ್ಪತ್ರೆಗೆ ಬಾ ಎಂದಷ್ಟೇ ಹೇಳಲಾಯಿತು. ಶಿವಮೊಗ್ಗದ ಡಾಕ್ಟರು ಫೋನಿನಲ್ಲೇ ಗದರಿ, ಇಲ್ಲಿಗೆ ಬರುವತನಕ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ ಮೊದಲ ಇಂಜೆಕ್ಷನ್ ಕೊಡಿಸಿ ಎಂದಿದ್ದರು. ದಾರಿಯುದ್ದಕ್ಕೂ ಹುಲಿಯಮ್ಮ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು, ಒಂದು ಕೈಯಿಂದ ಸೊಂಟದ ಗಂಟನ್ನು ಹಿಡಿದೇ ಇದ್ದಳು. ತರೀಕೆರೆ ಬರುವಷ್ಟರಲ್ಲಿ ಮಾತು ತೊದಲತೊಡಗಿತ್ತು.

ಆಸ್ಪತ್ರೆಯ ನರ್ಸ್ ಸೀರೆ ಬದಲಿಸುವಾಗ ಗಂಟನ್ನು ಕಂಡು, ಏನಿದು ಕೊಳಕು ಬಟ್ಟೆ, ಬಿಸಾಕಿ ಎಂದಳು. ಹುಲಿಯಮ್ಮ ಮುಷ್ಟಿ ಬಿಡಲಿಲ್ಲ. ಕಣ್ಣು ಹೊರಳಿಸಿ ಸೊಸೆಯನ್ನು ಹುಡುಕಿ, ಗಂಟನ್ನು ಅವಳ ಕೈಗೆ ತುರುಕಿದಳು.

"ತಣ್ಣಗಾಗಕ್ ಬಿಡಬ್ಯಾಡ ಕಣೇ."

ಮಂಚವನ್ನು ತಳ್ಳಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಗಂಟಿನೊಳಗೆ ಏನಾಗಿರಬಹುದೆಂದು ಪ್ರಜ್ಞಾಳಿಗೆ ಗೊತ್ತಿತ್ತು. ಬೆಳಿಗ್ಗೆಯ ಪೆಟ್ಟಿಗೆಯ ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಅವಳು ಬಿಚ್ಚಿ ನೋಡಲಿಲ್ಲ. ನಲ್ಲಿಯ ಕೆಳಗೆ ಹಿಡಿದು ಒಂದಿಷ್ಟು ತೇವ ಮಾಡಿ, ಸೀರೆಯ ನೆರಿಗೆ ಸಡಿಲಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಟಿನ ನಡುವೆ ಅತ್ತೆಯ ಮೈಯ ಬಿಸಿ ಇನ್ನೂ ಇತ್ತು. ಬೆಂಚಿನ ಮೇಲೆ ಕೂತು ಅದರ ಮೇಲೆ ಅಂಗೈ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅದು ಅವಳ ಮೈಯಷ್ಟೇ ಬೆಚ್ಚಗಾಯಿತು.